ಲಕ್ಸ್ ಮೀಟರಿನೊಳಗೆ ಕೂತಿರುವ ಮನುಷ್ಯ

ಕಟ್ಟಡಗಳ ಬೆಳಕಿನ ವಿನ್ಯಾಸ ನನ್ನ ಕೆಲಸ. ಒಂದು ಕಚೇರಿಯವರು ಕರೆದಿದ್ದರು. ‘ಲೈಟಿಂಗ್ ಎಲ್ಲಾ ಹೊಸದು. ಆದರೂ ಜನ ಕತ್ತಲು ಕತ್ತಲು ಅಂತಾರೆ. ಒಮ್ಮೆ ಬಂದು ನೋಡಿ’ ಎಂದರು. ಹೋಗಿ ಮೇಜಿನ ಮೇಲೆ ಬೆಳಕು ಅಳೆಯುವ ಲಕ್ಸ್ ಮೀಟರ್ ಇಟ್ಟೆ. 520 ಲಕ್ಸ್ ತೋರಿಸಿತು. ಓದು ಬರಹದ ಕಚೇರಿ ಕೆಲಸಕ್ಕೆ ಯುರೋಪಿನ ಮಾನದಂಡ ಕೇಳುವುದೇ 500. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಫಿಟ್ಟಿಂಗ್ ಹಾಕಿಸಿದವರು ‘ನೋಡಿ ಮೇಡಂ, ಜಾಸ್ತಿನೇ ಇದೆ’ ಎಂದು ಮೀಟರಿನತ್ತ ಕೈ ತೋರಿಸಿದರು. ಅವರ ಬೆನ್ನ ಹಿಂದೆಯೇ ಒಬ್ಬರು ಮನೆಯಿಂದ ತಂದ ಟೇಬಲ್ ಲ್ಯಾಂಪ್ ಹಚ್ಚಿಕೊಂಡು ಕೆಲಸ ಮಾಡುತ್ತಿದ್ದರು.

ತಲೆ ಎತ್ತಿದರೆ ಕಾರಣ ಕಾಣುತ್ತಿತ್ತು. ಗೋಡೆಗೆಲ್ಲ ಕಡು ಬೂದು ಬಣ್ಣ. ಸೀಲಿಂಗ್ ಕಪ್ಪು. ಅದರಲ್ಲಿ ಕೂರಿಸಿದ್ದ ಡೌನ್‌ಲೈಟ್‌ಗಳು ನಲ್ಲಿಯಿಂದ ನೀರು ಬಿಟ್ಟ ಹಾಗೆ ಬೆಳಕನ್ನು ನೇರ ಮೇಜಿಗೇ ಬಿಡುತ್ತಿದ್ದವು. ಮೇಜುಗಳು ಬೆಳಗಿದ್ದವು, ಉಳಿದದ್ದೆಲ್ಲ ಮಬ್ಬು. ಎದುರು ಕೂತವರ ಮುಖದಲ್ಲಿ ಕಣ್ಣಿರಬೇಕಾದ ಕಡೆ ಎರಡು ನೆರಳಿನ ಗುಳಿ.

ಆವತ್ತೇ ಒಂದು ಸಣ್ಣ ಪ್ರಯೋಗ ಮಾಡಿದೆವು. ಉದ್ದನೆಯ ಗೋಡೆಗೆ ದೊಡ್ಡ ಬಿಳಿ ಹಾಳೆಗಳನ್ನು ಅಂಟಿಸಿದೆವು. ನೆಲದ ಮೇಲೆ ನಾಲ್ಕು ಫ್ಲಡ್‌ಲೈಟ್ ಇಟ್ಟು ಅದರತ್ತ ತಿರುಗಿಸಿದೆವು. ಡೌನ್‌ಲೈಟ್‌ಗಳಲ್ಲಿ ಮೂರರಲ್ಲೊಂದನ್ನು ಆಫ್ ಮಾಡಿದೆವು. ಮೇಜಿನ ಮೇಲಿನ ಮೀಟರ್ 380ಕ್ಕೆ ಇಳಿಯಿತು. ಊಟ ಮುಗಿಸಿ ಬಂದವರು ‘ಲೈಟ್ ಜಾಸ್ತಿ ಮಾಡಿದ್ರಾ?’ ಎಂದು ಕೇಳಿದರು.

ಇದರಲ್ಲಿ ಮಾಯೆ ಏನೂ ಇಲ್ಲ. ದೀಪ ಸುರಿಸುವ ಬೆಳಕನ್ನು ಲುಮೆನ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಚದರ ಮೀಟರಿನ ಮೇಲೆ ಒಂದು ಲುಮೆನ್ ಬೆಳಕು ಬಿದ್ದರೆ ಅದು ಒಂದು ಲಕ್ಸ್. ಆದರೆ ಬೀಳುವ ಬೆಳಕು ನಮಗೆ ಕಾಣುವುದಿಲ್ಲ. ಬಿದ್ದಲ್ಲಿಂದ ಹೊರಟು ನಮ್ಮ ಕಣ್ಣಿಗೆ ಬಂದದ್ದು ಮಾತ್ರ ಕಾಣುತ್ತದೆ. ಬಿಳಿ ಗೋಡೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 80ರಷ್ಟನ್ನು ವಾಪಸ್ ಕೊಡುತ್ತದೆ. ಕಡು ಬೂದು ಗೋಡೆ ಶೇ. 10 ಕೊಟ್ಟರೆ ಹೆಚ್ಚು. ಕೆಲಸಕ್ಕೆ ಕೂತವರು ಮೇಜನ್ನೇ ನೋಡುತ್ತಾ ಕೂರುವುದೂ ಇಲ್ಲ. ಕಂಪ್ಯೂಟರ್ ಪರದೆ, ಅದರಾಚೆಯ ಗೋಡೆ, ಮಾತಾಡಿಸಲು ಬಂದವರ ಮುಖ, ಇವೇ ಅವರ ಕಣ್ಣೆದುರಿಗೆ ಇರುವುದು. ಕೋಣೆ ಬೆಳಕಾಗಿದೆಯೋ ಇಲ್ಲವೋ ಎಂದು ಮನಸ್ಸು ಹೇಳುವುದು ಹೆಚ್ಚಾಗಿ ಗೋಡೆ ನೋಡಿ. 1970ರ ದಶಕದಲ್ಲಿ ಅಮೆರಿಕದ ಜಾನ್ ಫ್ಲಿನ್ ಮತ್ತು ಸಂಗಡಿಗರು ಒಂದೇ ಸಭೆಯ ಕೋಣೆಗೆ ಆರು ಬಗೆಯಲ್ಲಿ ಬೆಳಕು ಹಾಕಿ, ಜನರನ್ನು ಕೂರಿಸಿ, ಏನನಿಸಿತು ಎಂದು ಕೇಳಿದ್ದರು. ಕೋಣೆ ಅದೇ, ಕುರ್ಚಿ ಅದೇ. ಬೆಳಕು ಗೋಡೆಯತ್ತ ಹೋದಾಗ ಜನರಿಗೆ ಕೋಣೆ ವಿಶಾಲ ಅನಿಸಿತು.

‘ದೀಪ ಹಾಕುವುದಕ್ಕೂ ಎಂ.ಎಸ್ಸಿ. ಬೇಕಾ?’ ಎಂದು ಕೇಳುವವರಿಗೆ ನಾನು ಈ ಕಚೇರಿಯ ಕಥೆ ಹೇಳುತ್ತೇನೆ. ಸ್ಟಾಕ್‌ಹೋಮಿನ ಕೆಟಿಎಚ್, ಲಂಡನ್ನಿನ ಯುಸಿಎಲ್, ಜರ್ಮನಿಯ ವಿಸ್ಮಾರ್, ನ್ಯೂಯಾರ್ಕಿನ ಪಾರ್ಸನ್ಸ್, ಡೆನ್ಮಾರ್ಕಿನ ಆಲ್‌ಬೋರ್ಗ್ ವಿಶ್ವವಿದ್ಯಾಲಯಗಳಲ್ಲಿ ಬೆಳಕಿನ ವಿನ್ಯಾಸವನ್ನೇ ಸ್ನಾತಕೋತ್ತರ ಪದವಿಯಾಗಿ ಕಲಿಸಿದ್ದಾರೆ. ಅಮೆರಿಕದ ರೆನ್ಸೆಲರ್ ಸಂಸ್ಥೆಯಲ್ಲಿ 1988ರಲ್ಲಿ ಬೆಳಕಿನ ಸಂಶೋಧನೆಗೆಂದೇ ಒಂದು ಕೇಂದ್ರ ಶುರುವಾಯಿತು. ಓದಲು ಬರುವವರು ತರಹೇವಾರಿ. ಆರ್ಕಿಟೆಕ್ಚರ್ ಓದಿದವರಿಗೆ ಲೆಕ್ಕ ಬೇಜಾರು. ಎಲೆಕ್ಟ್ರಿಕಲ್ ಓದಿದವರಿಗೆ ಲೆಕ್ಕ ಮಾತ್ರ ಬೇಕು. ನಾಟಕದ ಲೈಟಿಂಗ್ ಮಾಡಿ ಬಂದವರು ಇಬ್ಬರನ್ನೂ ನೋಡಿ ನಗುತ್ತಾರೆ. ಒಂದು ದೀಪವನ್ನು ಗಲ್ಲದ ಕೆಳಗಿಂದ ತಲೆಯ ಮೇಲಕ್ಕೆ ಒಯ್ದರೆ ಅದೇ ಮುಖ ದೆವ್ವದಿಂದ ದೇವರಾಗುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅಂಥ ಒಂದು ವಿಭಾಗದಲ್ಲಿ ನಾನು ಆಗಾಗ ಪಾಠ ಮಾಡುತ್ತೇನೆ. ಮೊದಲ ದಿನ ಹೇಳುವುದು ಒಂದೇ ಮಾತು. ಲಕ್ಸ್ ಮೀಟರಿನೊಳಗೆ ಒಬ್ಬ ಮನುಷ್ಯ ಕೂತಿದ್ದಾನೆ.

ತಮಾಷೆಗೆ ಹೇಳುತ್ತಿಲ್ಲ. ಎಲ್ಲಾ ಬಣ್ಣದ ಬೆಳಕೂ ಕಣ್ಣಿಗೆ ಒಂದೇ ಸಮ ಅಲ್ಲ. ಅಷ್ಟೇ ಶಕ್ತಿ ಸುರಿದರೂ ಹಳದಿ ಹಸಿರು ಉಜ್ವಲವಾಗಿ ಕಾಣುತ್ತದೆ, ಕಡು ನೀಲಿ ಮಂಕಾಗಿ ಕಾಣುತ್ತದೆ. ಹಾಗಾಗಿ ಬೆಳಕಿನ ಅಂತಾರಾಷ್ಟ್ರೀಯ ಆಯೋಗ ಸಿಐಇ 1924ರಲ್ಲಿ ಒಂದು ಸರಾಸರಿ ಕಣ್ಣನ್ನು ಗೊತ್ತುಮಾಡಿತು. 555 ನ್ಯಾನೋಮೀಟರ್ ತರಂಗಾಂತರದ ಹಳದಿ ಹಸಿರಿನ ಬಳಿ ಅದಕ್ಕೆ ಅತಿ ಚೆನ್ನಾಗಿ ಕಾಣುತ್ತದೆ. ಎರಡೂ ಕಡೆ ಹೋದಂತೆ ಕಡಿಮೆಯಾಗುತ್ತದೆ. ಲುಮೆನ್, ಲಕ್ಸ್ ಎಲ್ಲವೂ ಈ ಕಣ್ಣಿನಿಂದ ತೂಗಿದ ಬೆಳಕು. ಬಲ್ಬಿನ ಡಬ್ಬದ ಮೇಲಿನ ಅಂಕಿಯೂ ಅಷ್ಟೇ. ಅಂದರೆ ನಾವು ಬೆಳಕು ಅಳೆಯುವಾಗೆಲ್ಲ ಆ ಮನುಷ್ಯನನ್ನು ‘ನಿನಗೆ ಎಷ್ಟು ಕಾಣ್ತು?’ ಎಂದು ಕೇಳುತ್ತಿರುತ್ತೇವೆ.

ಒಳ್ಳೆಯ ಮನುಷ್ಯನೇ. ಆದರೆ ಅವನು ನೋಡುವುದು ಹಗಲಿನಲ್ಲಿ, ಅದೂ ನೋಟದ ನಟ್ಟನಡುವಿನ ಪುಟ್ಟ ಜಾಗದಿಂದ. ಅವನಿಗೆ ವಯಸ್ಸಾಗುವುದಿಲ್ಲ, ತಲೆನೋವಿಲ್ಲ, ನಿದ್ದೆ ಬರುವುದಿಲ್ಲ.

ವಯಸ್ಸಿನ ಪಾಠವನ್ನು ನಾನು ಕಲಿತದ್ದು ತಪ್ಪು ಮಾಡಿ. 60 ದಾಟಿದವರ ಅಕ್ಷಿಪಟಲಕ್ಕೆ 20ರ ಹರೆಯದವರಿಗೆ ತಲುಪುವ ಬೆಳಕಿನ ಮೂರನೇ ಒಂದು ಭಾಗ ತಲುಪಿದರೆ ಹೆಚ್ಚು. ಪಾಪೆ ಸಣ್ಣದಾಗುತ್ತದೆ, ಮಸೂರ ಹಳದಿಯಾಗಿ ದಪ್ಪವಾಗುತ್ತದೆ. ಇದನ್ನು ಓದಿಕೊಂಡಿದ್ದ ಹುಮ್ಮಸ್ಸಿನಲ್ಲಿ ಒಂದು ವೃದ್ಧಾಶ್ರಮದ ಓಣಿಗೆ ಧಾರಾಳವಾಗಿ ಬೆಳಕು ಹಾಕಿದೆ. ನೆಲ ನುಣುಪು ಕಲ್ಲಿನದು. ಸೀಲಿಂಗಿನ ಒಂದೊಂದು ದೀಪವೂ ನೆಲದಲ್ಲಿ ಹೊಳೆಯುತ್ತಿತ್ತು. ನನ್ನ ಕಣ್ಣಿಗೆ ಅದು ಅಂದವಾಗಿಯೇ ಇತ್ತು. ಒಂದು ದಿನ ಅಜ್ಜಿಯೊಬ್ಬರು ಆ ಹೊಳಪಿನ ಮುಂದೆ ನಿಂತು, ಊರುಗೋಲಿನಿಂದ ನೆಲ ತಟ್ಟಿ ನೋಡಿ, ಸುತ್ತು ಹಾಕಿಕೊಂಡು ಹೋದರು. ನೀರು ಚೆಲ್ಲಿದೆ ಅಂದುಕೊಂಡಿದ್ದರು. ಮಂಜಾದ ಮಸೂರ ಬೆಳಕನ್ನು ಕಡಿಮೆ ಮಾಡುವುದಷ್ಟೇ ಅಲ್ಲ, ಒಳಗೆ ಚದುರಿಸುತ್ತದೆ ಕೂಡ. ಅದಕ್ಕೇ ವಯಸ್ಸಾದವರಿಗೆ ಬೆಳಕೂ ಜಾಸ್ತಿ ಬೇಕು, ಕೋರೈಸುವುದೂ ಜಾಸ್ತಿ. ಎರಡೂ ಒಟ್ಟಿಗೆ! ಕೊನೆಗೆ ದೀಪಗಳನ್ನು ಮರೆಮಾಡಿ ಬೆಳಕನ್ನು ಸೀಲಿಂಗಿಗೆ ಹೊಡೆಸಿ ಅಲ್ಲಿಂದ ಇಳಿಯುವಂತೆ ಮಾಡಿದೆವು. ನೆಲಕ್ಕೆ ಹೊಳಪಿಲ್ಲದ ಹಾಸು ಬಂತು. ಅಜ್ಜಿ ಸುತ್ತು ಹಾಕುವುದನ್ನು ಬಿಟ್ಟರು. ಆ ಖರ್ಚಿನ ಅರ್ಧ ನನ್ನ ಜೇಬಿನಿಂದ ಹೋಯಿತು, ಅದು ಬೇರೆ ಮಾತು.

ತಲೆನೋವಿನ ವಿಷಯ ಬೇಗ ಮುಗಿಸುತ್ತೇನೆ. ಹಳೆಯ ಚೋಕ್ ಹಾಕಿದ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಕೆಲವು ದೇಶಗಳಲ್ಲಿ 120 ಸಲ. ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ಇಂಗ್ಲೆಂಡಿನ ಆರ್ನಾಲ್ಡ್ ವಿಲ್ಕಿನ್ಸ್ ಮತ್ತು ಸಂಗಡಿಗರು 1989ರಲ್ಲಿ ಒಂದು ಕಚೇರಿಯಲ್ಲಿ ಚೋಕ್ ಬದಲು ಈ ಮಿಣುಕು ತಪ್ಪಿಸುವ ಎಲೆಕ್ಟ್ರಾನಿಕ್ ಬಲ್ಲಾಸ್ಟ್ ಹಾಕಿ ನೋಡಿದಾಗ ತಲೆನೋವು, ಕಣ್ಣುನೋವು ಅರ್ಧಕ್ಕಿಂತ ಕೆಳಗಿಳಿದವು. ಆ ಕಾಟ ಮುಗಿಯಿತು ಎಂದುಕೊಳ್ಳುವಾಗ ಅಗ್ಗದ ಡ್ರೈವರ್ (ದೀಪಕ್ಕೆ ವಿದ್ಯುತ್ ಒದಗಿಸುವ ಸಾಧನ) ಹಾಕಿದ ಎಲ್‌ಇಡಿಗಳು ಅದನ್ನು ಮರಳಿ ತಂದವು. ದೀಪದ ಕೆಳಗೆ ಒಂದು ಪೆನ್ಸಿಲನ್ನು ಜೋರಾಗಿ ಆಡಿಸಿ. ನುಣುಪಾದ ಮಸುಕು ಕಂಡರೆ ಸರಿ. ಬೀಸಣಿಗೆಯ ಕಡ್ಡಿಗಳ ಹಾಗೆ ಬಿಡಿಬಿಡಿಯಾಗಿ ಕಂಡರೆ ದೀಪ ಮಿಣುಕುತ್ತಿದೆ.

ಈಗ ನಿದ್ದೆ. ಈ ವಿದ್ಯೆಯನ್ನು ತಲೆಕೆಳಗು ಮಾಡಿದ್ದೇ ಇದು.

ರಾತ್ರಿ ನಮ್ಮ ಮೆದುಳಿನಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಒಸರುತ್ತದೆ. ದೇಹಕ್ಕೆ ‘ರಾತ್ರಿಯಾಯಿತು’ ಎಂದು ಸುದ್ದಿ ಕೊಡುವುದು ಅದು. ಮನುಷ್ಯರಲ್ಲಿ ಪ್ರಖರ ಬೆಳಕು ಅದನ್ನು ತಡೆಯುತ್ತದೆ ಎಂದು 1980ರಲ್ಲಿ ಆಲ್ಫ್ರೆಡ್ ಲೂಯಿ ಮತ್ತು ಸಂಗಡಿಗರು ತೋರಿಸಿದರು. ಅವರು ಬಳಸಿದ್ದು 2500 ಲಕ್ಸ್. ಮನೆಯ ಬೆಳಕು ಅದರ ಹತ್ತಿರಕ್ಕೂ ಬರುವುದಿಲ್ಲವಲ್ಲ ಎಂದು ಎಲ್ಲರೂ ನಿರಾಳವಾಗಿದ್ದರು. ಆಮೇಲೆ ಗೊತ್ತಾಯಿತು, ಬಹಳ ಕಡಿಮೆ ಬೆಳಕೂ ಸಾಕು, ಅದರಲ್ಲೂ ನೀಲಿ ಅಂಶ ಜಾಸ್ತಿಯಿದ್ದರೆ. ಇನ್ನೂ ವಿಚಿತ್ರ ಏನೆಂದರೆ, ಏನೂ ಕಾಣದ ಕೆಲವು ಅಂಧರಲ್ಲೂ ಕಣ್ಣಿಗೆ ಬಿದ್ದ ಬೆಳಕು ಮೆಲಟೋನಿನ್ ಇಳಿಸುತ್ತಿತ್ತು. ಹಾಗಾದರೆ ನೋಡುತ್ತಿರುವವರು ಯಾರು?

ಉತ್ತರ ಬಂದದ್ದು ಕಪ್ಪೆಯಿಂದ. 1998ರಲ್ಲಿ ಇಗ್ನಾಸಿಯೋ ಪ್ರೊವೆನ್ಸಿಯೋ ಮತ್ತು ಸಂಗಡಿಗರು ಕಪ್ಪೆಯ ಚರ್ಮದ ಬಣ್ಣದ ಕೋಶಗಳಲ್ಲಿ ಬೆಳಕಿಗೆ ಸ್ಪಂದಿಸುವ ಹೊಸ ವಸ್ತುವೊಂದನ್ನು ಕಂಡರು. ಅದಕ್ಕೆ ಮೆಲನಾಪ್ಸಿನ್ ಎಂದು ಹೆಸರು. ಮುಂದೆ ಅದು ನಮ್ಮ ಕಣ್ಣಿನೊಳಗೂ ಸಿಕ್ಕಿತು. 2002ರಲ್ಲಿ ಡೇವಿಡ್ ಬರ್ಸನ್ ತಂಡ, ಅದೇ ಹೊತ್ತಿಗೆ ಸಾಮರ್ ಹತ್ತಾರ್ ಮತ್ತು ಸಂಗಡಿಗರು ವಿಷಯ ಖಚಿತಪಡಿಸಿದರು. ಅಕ್ಷಿಪಟಲದಲ್ಲಿ ಕೆಲವೇ ಕೆಲವು ನರಕೋಶಗಳು ತಾವೇ ಬೆಳಕನ್ನು ಗ್ರಹಿಸಿ ದೇಹದ ಗಡಿಯಾರಕ್ಕೆ ಸುದ್ದಿ ಕಳಿಸುತ್ತವೆ. ಅವು ಚಿತ್ರ ಕಟ್ಟಲೆಂದು ಇರುವವಲ್ಲ. ‘ಈಗ ಹಗಲೋ ರಾತ್ರಿಯೋ’ ಎಂಬುದೇ ಅವುಗಳ ಮುಖ್ಯ ಚಿಂತೆ. ಮತ್ತೆ ಅವುಗಳ ಇಷ್ಟದ ಬೆಳಕು 555 ಅಲ್ಲ, 480ರ ಆಸುಪಾಸು. ಆಕಾಶದ ನೀಲಿ.

1924ರ ಮನುಷ್ಯನಿಗೆ ಈ ಕೋಶಗಳ ಸುದ್ದಿಯೇ ಗೊತ್ತಿಲ್ಲ. ಅದಕ್ಕೇ ಸಿಐಇ 2018ರಲ್ಲಿ ಅವುಗಳಿಗೆಂದೇ ಬೇರೆ ಅಳತೆ ತಂದಿತು. ಮೆಲನೋಪಿಕ್ ಲಕ್ಸ್ ಎಂದು ಸುಲಭಕ್ಕೆ ಕರೆಯೋಣ. 2022ರಲ್ಲಿ ಈ ಕ್ಷೇತ್ರದ ವಿಜ್ಞಾನಿಗಳ ಗುಂಪೊಂದು ಸಲಹೆಯನ್ನೂ ಕೊಟ್ಟಿತು. ಹಗಲಿನಲ್ಲಿ ಕಣ್ಣಿನ ಬಳಿ ಕನಿಷ್ಠ 250. ಮಲಗುವ ಮುಂಚಿನ ಮೂರು ಗಂಟೆ 10ಕ್ಕಿಂತ ಮೇಲೆ ಬೇಡ. ಮಲಗಿದ ಮೇಲೆ 1ನ್ನೂ ದಾಟಬಾರದು. ‘ಕಣ್ಣಿನ ಬಳಿ’ ಎಂಬುದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಮೀಟರನ್ನು ಮೇಜಿನಿಂದ ಎತ್ತಿ, ಮುಖದ ಎದುರು ನಿಲ್ಲಿಸಿ ಹಿಡಿಯಬೇಕು. ನಮ್ಮ ಕಚೇರಿಯ 520 ಲಕ್ಸ್ ಹಾಗೆ ಹಿಡಿದಾಗ 110 ಆಗಿತ್ತು. ಅದೂ ಮಾಮೂಲಿ ಲಕ್ಸಿನಲ್ಲಿ. ಹಳದಿ ಛಾಯೆಯ 2700 ಕೆಲ್ವಿನ್ ಎಲ್‌ಇಡಿಯಾದರೆ ಮೆಲನೋಪಿಕ್ ಲೆಕ್ಕದಲ್ಲಿ ಅದು ಇನ್ನೂ ಅರ್ಧಕ್ಕೆ ಇಳಿಯುತ್ತದೆ.

ಹಾಗಾದರೆ ಹಗಲಿಡೀ ನೀಲಿ ಬಿಳುಪಿನ ದೀಪ ಉರಿಸಬೇಕಾ? ಈ ಪ್ರಶ್ನೆಗೆ ‘ಹೌದು’ ಎನ್ನಲು ದೀಪ ಮಾರುವವರು ತುದಿಗಾಲಲ್ಲಿ ನಿಂತಿದ್ದಾರೆ. ಡಬ್ಬದ ಮೇಲೆ ಮನುಷ್ಯನ ಚಿತ್ರ, ಸೂರ್ಯನ ಚಿತ್ರ. ನನಗೆ ಅದನ್ನು ಕಂಡರೆ ಸ್ವಲ್ಪ ಸಿಟ್ಟು. ದೀಪದ ಬಣ್ಣ ಒಂದನ್ನೇ ಬದಲಿಸಿ, ಕಣ್ಣಿಗೆ ಬೀಳುವ ಪ್ರಮಾಣವನ್ನು ಹಾಗೇ ಬಿಟ್ಟರೆ ಹಗಲು ಹಗಲಾಗುವುದಿಲ್ಲ. ಮೋಡ ಕವಿದ ದಿನವೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ, ಬಿಸಿಲಲ್ಲಿ ಲಕ್ಷದವರೆಗೆ. ಕಿಟಕಿಗಿಂತ ಅಗ್ಗದ ದೀಪವನ್ನು ನಾನು ಕಂಡಿಲ್ಲ. ರಾತ್ರಿಯ ಕಥೆ ಇನ್ನೂ ಸರಳ. ದೀಪ ಕಡಿಮೆ ಮಾಡಿ, ಕೆಳಗೆ ಇಡಿ, ಮರೆಮಾಡಿ. ಡಿಮ್ಮರ್ ಇದ್ದರೆ ಬಳಸಿ.

ಇಷ್ಟೆಲ್ಲ ಖಡಾಖಂಡಿತವಾಗಿ ಹೇಳಿದ ಮೇಲೆ ವಿದ್ಯಾರ್ಥಿಗಳಿಗೆ ನಾನು ಹಾಥಾರ್ನ್ ಕಾರ್ಖಾನೆಯ ಕಥೆಯನ್ನೂ ಹೇಳುತ್ತೇನೆ. ಇಲ್ಲದಿದ್ದರೆ ಅವರು ನಾಳೆಯೇ ಒಂದು ಪ್ರಶ್ನಾವಳಿ ಹಿಡಿದು ಹೊರಟುಬಿಡುತ್ತಾರೆ. 1924ರಿಂದ 1927ರವರೆಗೆ ಶಿಕಾಗೋ ಬಳಿಯ ಆ ಕಾರ್ಖಾನೆಯಲ್ಲಿ ಬೆಳಕು ಹೆಚ್ಚಿಸಿ, ಇಳಿಸಿ, ಕೆಲಸ ಎಷ್ಟಾಗುತ್ತದೆ ಎಂದು ನೋಡಿದರು. ಏನು ಮಾಡಿದರೂ ಉತ್ಪಾದನೆ ಏರಿತು, ಜನರನ್ನು ಗಮನಿಸಿದ್ದೇ ಕಾರಣ ಎಂಬ ಕಥೆ ಜಗತ್ತಿಡೀ ಹರಡಿತು. ದಶಕಗಳ ನಂತರ ಇಬ್ಬರು ಅರ್ಥಶಾಸ್ತ್ರಜ್ಞರು ಹಳೆಯ ಅಂಕಿಗಳನ್ನು ಹುಡುಕಿ ತೆಗೆದು ನೋಡಿದರು. ದೀಪ ಬದಲಿಸುತ್ತಿದ್ದದ್ದು ಭಾನುವಾರ. ಸೋಮವಾರ ಕೆಲಸ ಚುರುಕಾಗಿತ್ತು, ನಿಜ. ಆದರೆ ದೀಪ ಮುಟ್ಟದ ವಾರಗಳಲ್ಲೂ ಸೋಮವಾರ ಚುರುಕಾಗಿಯೇ ಇತ್ತು!

ನಮ್ಮ ಪ್ರಯೋಗಗಳ ಕಷ್ಟ ಇದೇ. ಔಷಧಿಯ ಪರೀಕ್ಷೆಯಲ್ಲಿ ಸಕ್ಕರೆ ಗುಳಿಗೆ ಕೊಟ್ಟು ಸುಮ್ನಿರಬಹುದು. ಬೆಳಕನ್ನು ಬಚ್ಚಿಟ್ಟು ಕೊಡುವುದು ಹೇಗೆ? ಜನರಿಗೆ ಕಾಣುತ್ತದಲ್ವಾ? ಕಂಡ ಮೇಲೆ ಅವರು ಏನೋ ಒಂದನ್ನು ನಿರೀಕ್ಷಿಸುತ್ತಾರೆ. ನನ್ನ ಬಿಳಿ ಹಾಳೆಯ ಪ್ರಯೋಗವೂ ಈ ದೋಷದಿಂದ ಹೊರತಲ್ಲ. ಊಟಕ್ಕೆ ಮುಂಚೆ ನಾನು ಮೀಟರ್ ಹಿಡಿದು ಓಡಾಡಿದ್ದನ್ನು ಎಲ್ಲರೂ ನೋಡಿದ್ದರು. ಅದಕ್ಕೇ ಎರಡು ವಾರ ಬಿಟ್ಟು, ಹೇಳದೆ ಹೋಗಿ ಮತ್ತೆ ಕೇಳಿದೆ. ಟೇಬಲ್ ಲ್ಯಾಂಪ್ ಡ್ರಾಯರ್ ಸೇರಿತ್ತು. ಅಷ್ಟು ಸಾಕ್ಷಿ ನನಗೆ ಸಾಕು, ವಿಜ್ಞಾನ ಪತ್ರಿಕೆಗೆ ಸಾಲದು.

ತರಗತಿಯಲ್ಲಿ ನಾನು ತಪ್ಪದೆ ಕೊಡುವ ಮನೆಗೆಲಸ ಒಂದಿದೆ. ಒಂದು ವಾರ ಸಣ್ಣ ಮೀಟರನ್ನು ಕೊರಳಪಟ್ಟಿಗೆ ಸಿಕ್ಕಿಸಿಕೊಂಡು ಓಡಾಡಿ, ಗಂಟೆಗೊಮ್ಮೆ ಬರೆದಿಡುವುದು. ಒಬ್ಬ ವಿದ್ಯಾರ್ಥಿನಿಗೆ ಕೆಲಸದ ಜಾಗದಲ್ಲಿ ಹಗಲಿಡೀ 90 ದಾಟಲಿಲ್ಲ. ಸಂಜೆ ಮೊಬೈಲು, ದೀಪ ಸೇರಿ ಹೆಚ್ಚೂಕಡಿಮೆ ಅಷ್ಟೇ. ‘ಮೇಡಂ, ನನಗೆ ಹಗಲೂ ಇಲ್ಲ ರಾತ್ರಿಯೂ ಇಲ್ಲ’ ಎಂದಳು. ಮೇಜನ್ನು ಕಿಟಕಿಯತ್ತ ತಿರುಗಿಸಿ ಕೂತಳು. ಆಕಾಶ ಕಣ್ಣು ಕುಕ್ಕಿತು. ಕಿಟಕಿಗೆ ಬೆನ್ನು ಮಾಡಿದಳು. ಕಂಪ್ಯೂಟರ್ ಪರದೆಯಲ್ಲಿ ಕಿಟಕಿಯೇ ಕಾಣತೊಡಗಿತು. ಕೊನೆಗೆ ಕಿಟಕಿ ಪಕ್ಕಕ್ಕೆ ಬರುವಂತೆ ಅಡ್ಡ ತಿರುಗಿಸಿದಳು. ಮೀಟರ್ 600 ತೋರಿಸಿತು, ಪರದೆಯೂ ಓದಲು ಬಂತು. ಖುಷಿಯಿಂದ ಫೋಟೊ ಕಳಿಸಿದಳು. ಮೂರನೇ ದಿನ ಪಕ್ಕದ ಮೇಜಿನವರು ಎದ್ದು ಬಂದು ಕರ್ಟನ್ ಎಳೆದರಂತೆ. ಬಿಸಿಲು ನೇರ ಅವರ ಮುಖಕ್ಕೆ ಬೀಳುತ್ತಿತ್ತು.