ಹಾಡಿನ ಹೆಸರಿನ ಕೆಳಗಿನ ಸಣ್ಣಕ್ಷರ

ಬ್ರಿಟನ್ನಿನ ಲೆಡ್ ಝೆಪ್ಲಿನ್ ರಾಕ್ ತಂಡದ ಎರಡನೇ ಆಲ್ಬಂ ಶುರುವಾಗುವುದೇ ‘ಹೋಲ್ ಲಾಟಾ ಲವ್’ ಹಾಡಿನಿಂದ. 1969ರ ಎಲ್‌ಪಿ ರೆಕಾರ್ಡಿನ ನಡುವೆ ಅಂಟಿಸಿದ ಲೇಬಲ್ ಮೇಲೆ, ಹಾಡಿನ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ತಂಡದ ನಾಲ್ವರ ಹೆಸರಷ್ಟೇ ಇತ್ತು. ಈಗ ಅಲ್ಲಿ ಐದನೆಯದೊಂದು ಸೇರಿದೆ: ಷಿಕಾಗೋದಲ್ಲಿ ಬ್ಲೂಸ್ ಹಾಡುಗಳನ್ನು ಬರೆದ ವಿಲ್ಲಿ ಡಿಕ್ಸನ್.

ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರ ಹಾಡು. ಮಿಸಿಸಿಪಿಯ ಹತ್ತಿ ಹೊಲದ ಆ ಬ್ಲೂಸ್ ಷಿಕಾಗೋಗೆ ಬಂದು ಎಲೆಕ್ಟ್ರಿಕ್ ಗಿಟಾರ್ ಹಿಡಿಯಿತು. ಅಲ್ಲಿಂದ ರೆಕಾರ್ಡುಗಳಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಹುಡುಗರ ತಲೆ ಕೆಡಿಸಿತು.

ಬ್ಲೂಸ್‌ನಲ್ಲಿ ಸಾಲುಗಳು ಕೈಯಿಂದ ಕೈಗೆ ಓಡಾಡುತ್ತಿದ್ದವು. ಇದೇ ಆಲ್ಬಮ್ಮಿನ ‘ದ ಲೆಮನ್ ಸಾಂಗ್’ನಲ್ಲಿ ನಿಂಬೆಹಣ್ಣು ಹಿಂಡುವ ಪೋಲಿ ಸಾಲೊಂದಿದೆ. ಅದನ್ನು 1937ರಲ್ಲೇ ರಾಬರ್ಟ್ ಜಾನ್ಸನ್ ಹಾಡಿದ್ದರು. ಅದು ಅವರದ್ದೂ ಅಲ್ಲ ಅನ್ನುವವರಿದ್ದಾರೆ. ನಮ್ಮ ದಾಸರ ಪದಗಳಲ್ಲಾದರೆ ಅಂಕಿತ ಹಾಡಿನೊಳಗೇ ಕೂತಿರುತ್ತದೆ. ಯಾರೇ ಹಾಡಲಿ, ಕಟ್ಟಿದವರ ಗುರುತು ಬಾಯಿಗೆ ಬಂದೇ ಬರುತ್ತದೆ. ಬ್ಲೂಸ್‌ಗೆ ಆ ಅನುಕೂಲ ಇರಲಿಲ್ಲ. ಅಲ್ಲಿ ಗುರುತು ಲೇಬಲ್ಲಿನಲ್ಲಿತ್ತು, ದುಡ್ಡೂ ಅದನ್ನು ನೋಡಿಕೊಂಡೇ ಹೋಗುತ್ತಿತ್ತು.

ಪ್ರವಾಸಗಳ ನಡುವೆ ಸಿಕ್ಕಸಿಕ್ಕ ಸ್ಟುಡಿಯೋಗಳಲ್ಲಿ ತುಂಡುತುಂಡಾಗಿ ರೆಕಾರ್ಡ್ ಮಾಡಿದ ಆಲ್ಬಂ ಇದು. ಆದರೂ ಬ್ರಿಟನ್, ಅಮೆರಿಕ ಎರಡೂ ಕಡೆ ನಂಬರ್ ಒನ್ ಆಯಿತು. ‘ಹೋಲ್ ಲಾಟಾ ಲವ್’ನಲ್ಲಿ ಗಿಟಾರ್ ಮತ್ತೆ ಮತ್ತೆ ನುಡಿಸುವ ಆ ರಿಫ್, ಬಾನಮ್ ಅವರ ಡ್ರಮ್, ನಡುವೆ ಥೆರೆಮಿನ್ ಎಂಬ ಎಲೆಕ್ಟ್ರಾನಿಕ್ ವಾದ್ಯ ಊಳಿಡುವ ಭಾಗ: ಹೆವಿ ಮೆಟಲ್‌ಗೆ ಇಲ್ಲೇ ಅಡಿಪಾಯ ಬಿತ್ತು ಅಂದರೂ ನಡೆದೀತು. ರಿಫ್ ತಂಡದವರದ್ದೇ, ಅದರಲ್ಲಿ ತಕರಾರಿಲ್ಲ. ಮಾತುಗಳದ್ದೇ ಪೇಚು. ಡಿಕ್ಸನ್ ಬರೆದು, ಮಡ್ಡಿ ವಾಟರ್ಸ್ 1962ರಲ್ಲಿ ಹಾಡಿದ ‘ಯು ನೀಡ್ ಲವ್’ ಕೇಳಿ. ಸಾಲುಗಳು ಒಂದರ ಹಿಂದೊಂದು ಹಾಗೇ ಬರುತ್ತವೆ. ಲಂಡನ್ನಿನ ಸ್ಮಾಲ್ ಫೇಸಸ್ ತಂಡವೂ 1966ರಲ್ಲಿ ಅದನ್ನೇ ಚೂರು ತಿರುಗಿಸಿ ಹಾಡಿತ್ತು. ಅಲ್ಲೂ ಡಿಕ್ಸನ್ ಹೆಸರಿರಲಿಲ್ಲ.

ಮೊದಲು ಕೇಸು ಹಾಕಿದ್ದು ಆರ್ಕ್ ಮ್ಯೂಸಿಕ್, 1972ರಲ್ಲಿ. ಷಿಕಾಗೋದ ಬ್ಲೂಸ್ ರೆಕಾರ್ಡ್ ಕಂಪನಿ ಚೆಸ್ ರೆಕಾರ್ಡ್ಸ್‌ನವರ ಹಾಡುಗಳ ಹಕ್ಕು ನೋಡಿಕೊಳ್ಳುತ್ತಿದ್ದ ಪ್ರಕಾಶನ ಸಂಸ್ಥೆ ಅದು. ಹೌಲಿನ್ ವುಲ್ಫ್ ಅವರ ‘ಕಿಲ್ಲಿಂಗ್ ಫ್ಲೋರ್’ನಿಂದ ಹುಟ್ಟಿದ ‘ದ ಲೆಮನ್ ಸಾಂಗ್’, ಇದೇ ಆಲ್ಬಮ್ಮಿನಲ್ಲಿದ್ದ, ಡಿಕ್ಸನ್ ಅವರದೇ ಆದ ‘ಬ್ರಿಂಗ್ ಇಟ್ ಆನ್ ಹೋಮ್’, ಎರಡರ ಬಗ್ಗೆಯೂ ರಾಜಿಯಾಯಿತು. ಆದರೆ ತಮ್ಮ ಪಾಲಿಗಾಗಿ ಡಿಕ್ಸನ್ ಆಮೇಲೆ ಆರ್ಕ್ ಮೇಲೆಯೇ ಕೇಸು ಹಾಕಬೇಕಾಯಿತು. ಹೀಗಾಗಿ ಇದು ಬರೀ ಇಂಗ್ಲೆಂಡಿನ ಬಿಳಿ ಹುಡುಗರು ಕಪ್ಪು ಕಲಾವಿದರ ಹಾಡು ಎತ್ತಿಕೊಂಡ ಕಥೆ ಅನ್ನುವುದೂ ಸರಿಯಲ್ಲ. ‘ಹೋಲ್ ಲಾಟಾ ಲವ್’ ತಂದೆಯ ಹಾಡಿನ ಹಾಗಿದೆ ಎಂದು ಪತ್ತೆ ಹಚ್ಚಿದ್ದು ಡಿಕ್ಸನ್ ಮಗಳು. 1985ರಲ್ಲಿ ಕೇಸು, 1987ರಲ್ಲಿ ಕೋರ್ಟಿನ ಹೊರಗೆ ರಾಜಿ. ಹಾಡು ಬಂದು ಆಗಲೇ 18 ವರ್ಷ! ಡಿಕ್ಸನ್‌ಗೆ ಎಪ್ಪತ್ತು ದಾಟಿತ್ತು.

ಹಳೆಯ ಕಲಾವಿದರಿಗೆ ಬರಬೇಕಾದ ರಾಯಲ್ಟಿ ಕೊಡಿಸಲೆಂದು ಡಿಕ್ಸನ್ ಬ್ಲೂಸ್ ಹೆವನ್ ಎಂಬ ಸಂಸ್ಥೆ ಕಟ್ಟಿದರು. ಅದೀಗ ಇರುವುದು ಷಿಕಾಗೋದ ಹಳೇ ಚೆಸ್ ಕಟ್ಟಡದಲ್ಲೇ.

ಸಂಗ್ರಾಹಕರು ಮಾತ್ರ ಈ ಆಲ್ಬಮ್ಮಿನ ಮೊದಲ ಅಮೆರಿಕನ್ ಮುದ್ರಣಕ್ಕೇ ಜಾಸ್ತಿ ದುಡ್ಡು ಸುರಿಯುತ್ತಾರೆ. ಅದರ ಸದ್ದಿನ ಅಬ್ಬರಕ್ಕೆ ಅಗ್ಗದ ಪ್ಲೇಯರ್‌ಗಳ ಮುಳ್ಳೇ ಹಾರುತ್ತಿತ್ತಂತೆ. ಅದರ ಲೇಬಲ್ ಮೇಲೆ ಈಗಲೂ ನಾಲ್ಕೇ ಹೆಸರು.