ಯಾವ ತಪ್ಪು ತಿದ್ದಬೇಕು, ಯಾವುದನ್ನು ಬಿಡಬೇಕು

ಧಾರವಾಡದ ನನ್ನ ಡ್ರಾಯಿಂಗ್ ಕ್ಲಾಸಿಗೆ ಹೊಸದಾಗಿ ಸೇರಿದವರಿಗೆಲ್ಲ ಮೊದಲ ಕೆಲಸ ಒಂದೇ: ಎರಡೆರಡು ಚುಕ್ಕೆ ಇಟ್ಟು ಕೂಡಿಸುತ್ತ ಹಾಳೆ ತುಂಬ ಗೆರೆ ಎಳೆಯುವುದು. ಆಮೇಲೆ ಎಲಿಪ್ಸ್, ಅಂದರೆ ಓರೆಯಿಂದ ನೋಡಿದ ಬಳೆಯಂಥ ಆಕಾರ, ಅದಾದ ಮೇಲೆ ಚೌಕ ಡಬ್ಬಿ. ತುಂಬಿಸಿದ ಹಾಳೆ ತಂದು ಮುಂದೆ ಹಿಡಿದು ಎಲ್ಲರೂ ಕೇಳುವ ಪ್ರಶ್ನೆಯೂ ಒಂದೇ: "ಹೆಂಗ್ ಬಂದೈತ್ರಿ ಸರ?" "ಚಲೋ ಬಂದೈತಿ, ಇನ್ನಷ್ಟು ಪ್ರಾಕ್ಟೀಸ್ ಮಾಡು" ಎಂದುಬಿಟ್ಟರೆ ಅಲ್ಲಿಗೆ ಮಾತು ಮುಗಿಯಿತು, ಹುಡುಗನ ಕೈಗೆ ಏನೂ ಹತ್ತಲಿಲ್ಲ. ಹಾಗಂತ ಕೆಂಪು ಪೆನ್ನು ಹಿಡಿದು ಕಂಡ ಕಂಡ ತಪ್ಪಿಗೆಲ್ಲ ಗುರುತು ಹಾಕಿ ಕೊಟ್ಟರೆ ಹತ್ತುವುದು ಇನ್ನೂ ಕಡಿಮೆ. ಎಲ್ಲವೂ ತಪ್ಪು ಎಂದು ಹೇಳಿಸಿಕೊಂಡವನಿಗೆ ಯಾವುದರಿಂದ ಶುರು ಮಾಡಬೇಕು ಅನ್ನುವುದೇ ತಿಳಿಯುವುದಿಲ್ಲ.

ಹಾಳೆ ನೋಡುವಾಗ ನಾನು ಮನಸ್ಸಿನಲ್ಲೇ ತಪ್ಪುಗಳನ್ನು ಬೇರೆ ಮಾಡಿಕೊಳ್ಳುತ್ತೇನೆ. ಕೆಲವು ಕೈಯ ತಪ್ಪು. ಗೆರೆ ಚುಕ್ಕೆ ದಾಟಿ ಒಂದಿಷ್ಟು ಮುಂದೆ ಹೋಗಿರುತ್ತದೆ, ಎಲಿಪ್ಸಿನ ಎರಡನೇ ಸುತ್ತು ಮೊದಲಿನದರ ಮೇಲೆ ಕೂತಿರುವುದಿಲ್ಲ. ಇವು ಹಾಳೆ ಮೇಲೆ ಹಾಳೆ ತುಂಬಿದಂತೆ ತಾವಾಗಿಯೇ ತಗ್ಗುತ್ತವೆ. ಇನ್ನು ಕೆಲವು ತಿಳಿವಳಿಕೆಯ ತಪ್ಪು. ಡಬ್ಬಿಯ ದೂರ ಹೋಗುವ ಅಂಚುಗಳು ಹತ್ತಿರವಾಗುವ ಬದಲು ಅಗಲವಾಗುತ್ತ ಹೋಗಿರುತ್ತವೆ, ಕೊಡದ ತಳ ಸಪಾಟಾಗಿರುತ್ತದೆ. ಇಂಥವು ಸಾವಿರ ಸಲ ಬಿಡಿಸಿದರೂ ಹೋಗುವುದಿಲ್ಲ. ಸಾವಿರ ಸಲ ಬಿಡಿಸಿದಷ್ಟೂ ಗಟ್ಟಿಯಾಗುತ್ತವೆ. ಮೊದಲನೆಯದನ್ನು ಕಂಡೂ ಕಾಣದಂತೆ ಬಿಡಬೇಕು, ಎರಡನೆಯದನ್ನು ಅವತ್ತೇ ಹೇಳಬೇಕು. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಇದರ ಉಲ್ಟಾ. ಗೆರೆ ಸೊಟ್ಟ ಆಯಿತೆಂದು ಬೈಸಿಕೊಂಡ ಹುಡುಗನ ಡಬ್ಬಿ ವರ್ಷಗಟ್ಟಲೆ ತಪ್ಪಾಗಿಯೇ ಉಳಿದಿರುತ್ತದೆ.

ಕೈಯ ತಪ್ಪಿನಲ್ಲೂ ಒಂದನ್ನು ಮಾತ್ರ ಸುಮ್ಮನೆ ಬಿಡುವಂತಿಲ್ಲ. ಅದು ಎಳೆಯುವ ರೀತಿ. ಎರಡು ಚುಕ್ಕೆ ಇಟ್ಟು ಕೂಡಿಸಿದ ಗೆರೆಯನ್ನು ಹತ್ತಿರ ಹಿಡಿದು ನೋಡಿ. ಉದ್ದಕ್ಕೂ ಸಣ್ಣ ನಡುಕವಿದ್ದರೆ ನಿಧಾನ ಎಳೆದಿದ್ದಾನೆ. ಕಣ್ಣು ಪೆನ್ನಿನ ಮೊನೆಯ ಬೆನ್ನು ಹತ್ತಿದೆ, ದಾರಿ ತಪ್ಪಿತೇನೋ ಅನ್ನಿಸಿದಲ್ಲೆಲ್ಲ ಕೈ ತಿದ್ದಿಕೊಂಡಿದೆ. ಗೆರೆಗಳೆಲ್ಲ ಒಂದೇ ಕಡೆ ಬಾಗಿದ್ದರೆ ಮಣಿಕಟ್ಟು ಊರಿಕೊಂಡು ಎಳೆದದ್ದು. ಊರಿದ ಜಾಗ ಅಲುಗುವುದಿಲ್ಲವಾದ್ದರಿಂದ ಪೆನ್ನು ಅದರ ಸುತ್ತ ಕಮಾನು ಹೊಡೆಯುತ್ತದೆ. ತುದಿಯಲ್ಲಿ ಕೊಕ್ಕೆ ಬಂದಿದ್ದರೆ, ಈ ಗೆರೆ ಮುಗಿಯುವ ಮೊದಲೇ ಕೈ ಮುಂದಿನ ಗೆರೆಗೆ ಹೊರಟಿದೆ. ಒಂದೇ ಗೆರೆಯನ್ನು ಗೀಚಿ ಗೀಚಿ ಕೂದಲು ಕೂದಲು ಮಾಡಿದ್ದರೆ ಅವನಿಗೆ ಧೈರ್ಯ ಸಾಲಲಿಲ್ಲ, ಅಷ್ಟೇ.

ಇದಕ್ಕೆಲ್ಲ ನಾನು ಕೊಡುವ ಔಷಧಿ ಒಂದೇ. ಪೆನ್ನು ಹಾಳೆಗೆ ತಾಗಿಸದೆ ಆ ದಾರಿಯಲ್ಲಿ ಒಂದೆರಡು ಸಲ ಕೈ ಓಡಿಸಬೇಕು, ಕಣ್ಣು ಕೊನೆಯ ಚುಕ್ಕೆಯ ಮೇಲೆ ನೆಡಬೇಕು, ಆಮೇಲೆ ಭುಜದಿಂದ ಒಂದೇ ಎಳೆತ. ಚುಕ್ಕೆ ತಪ್ಪಿದರೂ ನಡೆಯುತ್ತದೆ. ಚುಕ್ಕೆ ತಪ್ಪಿದ ನೇರ ಗೆರೆ, ಚುಕ್ಕೆ ಮುಟ್ಟಿದ ನಡುಗು ಗೆರೆಗಿಂತ ಮೇಲು. ಮೊದಲನೆಯದರ ಗುರಿ ಕ್ರಮೇಣ ಕೂಡುತ್ತದೆ, ಎರಡನೆಯದರ ನಡುಕ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಈ ಅಭ್ಯಾಸಕ್ಕೆ ಪೆನ್ಸಿಲ್ ಬೇಡ, ಪೆನ್ನೇ ಇರಲಿ ಎನ್ನುವುದೂ ಇದಕ್ಕೇ. ರಬ್ಬರ್ ಆಡಿಸಿದ ಹಾಳೆಯಲ್ಲಿ ಕೈ ಏನು ಮಾಡಿತು ಅನ್ನುವುದೇ ಅಳಿಸಿಹೋಗಿರುತ್ತದೆ; ನನಗೆ ಓದಲು ಏನೂ ಉಳಿಯುವುದಿಲ್ಲ.

ಗದಗ-ಬೆಟಗೇರಿಯಿಂದ ಬರುವ ಪಿಯುಸಿ ಹುಡುಗಿಯೊಬ್ಬಳ ಹಾಳೆ ಹೀಗಿತ್ತು: ಎಡಗಡೆಯ ಗೆರೆಗಳೆಲ್ಲ ಸ್ವಚ್ಛ, ಬಲಗಡೆಯ ಕೆಳಮೂಲೆಗೆ ಬಂದಂತೆ ಎಲ್ಲವೂ ಬಾಗಿವೆ. ಎಡಕ್ಕೆ ಸರಿ ಬಂದ ಕೈ ಬಲಕ್ಕೆ ಹೋದಾಗ ಯಾಕೆ ಮರೆಯುತ್ತದೆ?

"ಎಲ್ಲಿ ಕುಂತ್ ತಗದೀವಾ ಇದನ್ನ?"

"ಕಾಟಿನ ಮ್ಯಾಲ ಕುಂತ್ರಿ ಸರ. ಬಲಕ್ಕ ಗ್ವಾಡಿ ಐತ್ರಿ."

ಮೊಣಕೈ ಗೋಡೆಗೆ ತಾಗುತ್ತಿತ್ತು. ಅಲ್ಲಿಂದಾಚೆ ಭುಜಕ್ಕೆ ಜಾಗವಿಲ್ಲದೆ ಮಣಿಕಟ್ಟೇ ಕೆಲಸ ಹಿಡಿದಿತ್ತು. ಈ ಹಾಳೆಗೆ "ಇನ್ನೂ ನೀಟಾಗಿ ಎಳಿ" ಎಂದು ಬರೆದು ಕಳಿಸಿದ್ದರೆ ಅವಳು ಅದೇ ಕಾಟಿನ ಮೇಲೆ ಕೂತು ಇನ್ನೊಂದು ಹಾಳೆ ಕೆಡಿಸುತ್ತಿದ್ದಳು. ಹೇಳಬೇಕಾದದ್ದು ಕೂಡುವ ಜಾಗ ಬದಲಿಸು ಎಂದಷ್ಟೇ.

ಕೂಡುವ ರೀತಿಯಿಂದ ಹುಟ್ಟುವ ಇನ್ನೊಂದು ತೊಂದರೆ ನಮ್ಮ ಮನೆಗಳಲ್ಲಿ ಬಹಳ. ನೆಲದ ಮೇಲೆ ಹಾಳೆ ಚಪ್ಪಟೆ ಹಾಸಿ, ಬಗ್ಗಿ ಬಿಡಿಸುತ್ತಾರೆ. ಆಗ ಹಾಳೆಯ ಮೇಲ್ಭಾಗ ಕಣ್ಣಿನಿಂದ ದೂರವಿರುತ್ತದೆ, ಓರೆಯಾಗಿ ಕುಗ್ಗಿ ಕಾಣುತ್ತದೆ. ಕುಗ್ಗಿ ಕಂಡದ್ದನ್ನು ಸರಿಮಾಡಲು ಕೈ ಉದ್ದ ಎಳೆಯುತ್ತದೆ. ಬಿಡಿಸುವಾಗ ಸರಿಯಾಗಿಯೇ ಕಂಡ ಕೊಡ, ಹಾಳೆ ಎತ್ತಿ ಗೋಡೆಗೆ ಹಿಡಿದರೆ ಕುತ್ತಿಗೆ ಚಾಚಿ ನಿಂತಿರುತ್ತದೆ. "ಪ್ರಮಾಣ ತಪ್ಪೈತಿ" ಅನ್ನುವ ಮೊದಲು ಬೋರ್ಡನ್ನು ಮೊಣಕಾಲಿಗೆ ಓರೆಯಾಗಿ ಆನಿಸಿಕೊಂಡು ಬಿಡಿಸಲು ಹೇಳಿ ನೋಡಿ. ತಪ್ಪು ಅರ್ಧಕ್ಕರ್ಧ ಅಲ್ಲೇ ಇಳಿಯುತ್ತದೆ.

ಎಲಿಪ್ಸಿಗೆ ಬಂದರೆ, ಎರಡೂ ತುದಿ ಚೂಪಾಗುವುದು ಕೈಯ ತಪ್ಪು. ತಿರುವಿನಲ್ಲಿ ಕೈ ಅಂಜಿ ನಿಂತಿರುತ್ತದೆ, ಅಷ್ಟೇ. ನಿಲ್ಲಿಸದೆ ಎರಡು ಸುತ್ತು ಹೊಡೆಯುವ ರೂಢಿಯಾದರೆ ತುದಿಗಳು ದುಂಡಗಾಗುತ್ತವೆ. ಅದರ ಬಗ್ಗೆ ನಾನು ಮಾತೇ ಎತ್ತುವುದಿಲ್ಲ.

ಕೊಡದ ತಳದ ವಿಷಯ ಹಾಗಲ್ಲ. ಬಾಯಿಯನ್ನು ಸರಿಯಾಗಿ ಎಲಿಪ್ಸ್ ಮಾಡಿದ ಹುಡುಗ ತಳಕ್ಕೆ ಸೀದಾ ಗೆರೆ ಎಳೆಯುತ್ತಾನೆ. ಕೊಡ ಸಪಾಟು ನೆಲದ ಮೇಲೆ ಕೂತಿದೆಯಲ್ಲ, ಅದು ಅವನಿಗೆ ಗೊತ್ತು. ಗೊತ್ತಿದ್ದದ್ದನ್ನು ಬಿಡಿಸಿದ್ದಾನೆ, ಕಂಡದ್ದನ್ನಲ್ಲ. ಬಾಯಿ ಕಣ್ಣಿನ ಮಟ್ಟಕ್ಕೆ ಹತ್ತಿರ, ತಳ ಅದಕ್ಕಿಂತ ಕೆಳಗೆ. ಕಣ್ಣಿನ ಮಟ್ಟದಿಂದ ದೂರ ಸರಿದಷ್ಟೂ ಎಲಿಪ್ಸ್ ತೆರೆದುಕೊಳ್ಳುತ್ತದೆ. ಅಂದರೆ ತಳದ ಬಾಗು ಬಾಯಿಯದಕ್ಕಿಂತ ಹೆಚ್ಚು ತುಂಬಿರಬೇಕು.

ಮಾತಿನಲ್ಲಿ ಇದು ತಲೆಗೆ ಹೋಗುವುದು ಕಷ್ಟ. ಗದಗ ಕಡೆಯವರಿಗೆ ನಾನು ಲಕ್ಕುಂಡಿಗೆ ಹೋಗಿ ಬರಲು ಹೇಳುತ್ತೇನೆ. ಕಲ್ಯಾಣ ಚಾಲುಕ್ಯರ ಕಾಲದ ಕಾಶಿವಿಶ್ವೇಶ್ವರ ಗುಡಿಯ ತಿರುಗಣೆ ಕಂಬಗಳ ಎದುರು ಕೂತರೆ ಪಾಠ ಕಣ್ಣೆದುರಿಗೇ ಇದೆ. ಬಳಪದ ಕಲ್ಲಿನಲ್ಲಿ ಬಳೆಬಳೆಯಾಗಿ ಕಡೆದ ಕಂಬ. ಕಣ್ಣಿನ ಮಟ್ಟದ ಬಳೆ ಸೀದಾ ಗೆರೆಯಾಗಿ ಕಾಣುತ್ತದೆ, ಮೇಲಿನವು ಮೇಲಕ್ಕೆ ಬಾಗುತ್ತವೆ, ಕೆಳಗಿನವು ಕೆಳಕ್ಕೆ. ಆಮೇಲೆ ಎದ್ದು ನಿಲ್ಲಬೇಕು. ಈಗಷ್ಟೇ ಸೀದಾ ಇದ್ದ ಬಳೆ ಕೆಳಕ್ಕೆ ಬಾಗಿರುತ್ತದೆ. ಕಂಬ ಅಲುಗಲಿಲ್ಲ, ಕಣ್ಣು ಮೇಲೇರಿತು. ಇದನ್ನು ಒಮ್ಮೆ ಕಂಡವನು ಮತ್ತೆ ತಳಕ್ಕೆ ಸೀದಾ ಗೆರೆ ಎಳೆದದ್ದನ್ನು ನಾನು ನೋಡಿಲ್ಲ. ಲಕ್ಕುಂಡಿ ದೂರವಾದವರಿಗೆ ಮನೆಯ ದುಂಡನೆಯ ಸ್ಟೀಲ್ ಡಬ್ಬಿಗಳ ಸಾಲೂ ಆದೀತು, ಕಪಾಟಿನ ಮೇಲಿನ ಅರೆಯಿಂದ ಕೆಳಗಿನ ಅರೆವರೆಗೆ ನೋಡುತ್ತ ಬಂದರೆ ಸಾಕು.

ಡಬ್ಬಿಯದು ಇನ್ನೂ ಹಟಮಾರಿ ತಪ್ಪು. ಡಬ್ಬಿಯ ಅಂಚುಗಳು ಸಮಾನಾಂತರ ಎಂದು ಶಾಲೆಯ ಗಣಿತ ಹೇಳಿಕೊಟ್ಟಿದೆ, ಕಣ್ಣಿಗೆ ಕಾಣುವಾಗ ಅವು ದೂರದಲ್ಲಿ ಒಂದೆಡೆ ಕೂಡುತ್ತವೆ. ಈ ನಿಯಮವನ್ನು ಚಿತ್ರಕಾರರಿಗೆಂದು ಇಟಲಿಯ ಆಲ್ಬೆರ್ಟಿ ಬರೆದಿಟ್ಟದ್ದು 1435ರಲ್ಲಿ. ಅದಕ್ಕೂ ಮೊದಲು ನುರಿತ ಕೈಗಳಿಗೇನು ಬರವಿತ್ತೇ? ಅಷ್ಟು ನುರಿತವರಿಗೂ ಬರೀ ಅಭ್ಯಾಸದಿಂದ ಒಲಿಯದ ಸಂಗತಿಯನ್ನು, ಹದಿನಾರರ ಹುಡುಗ ಡಬ್ಬಿ ಬಿಡಿಸುತ್ತ ಬಿಡಿಸುತ್ತ ತಾನೇ ಕಂಡುಕೊಳ್ಳಲಿ ಎಂದು ಬಿಡುವುದು ನ್ಯಾಯವಲ್ಲ.

ಅದಕ್ಕೇ ಡಬ್ಬಿಯ ಹಾಳೆಯನ್ನು ನಾನು ತಿದ್ದುವುದಿಲ್ಲ, ಅವರ ಕೈಯಿಂದಲೇ ತಿದ್ದಿಸುತ್ತೇನೆ. ಹಾಳೆ ತುಂಬಿದ ಮೇಲೆ ಬೇರೆ ಬಣ್ಣದ ಪೆನ್ನು ತೆಗೆದುಕೊಂಡು, ಒಂದೇ ದಿಕ್ಕಿಗೆ ಹೋಗುವ, ಹಿಂದಿನ ಕಾಣದ ಅಂಚೂ ಸೇರಿ, ನಾಲ್ಕು ಅಂಚುಗಳನ್ನು ನೋಡುವವನಿಂದ ದೂರದ ಕಡೆಗೆ ಸ್ಕೇಲ್ ಇಟ್ಟು ಮುಂದುವರಿಸಬೇಕು. ಇನ್ನುಳಿದ ಎರಡು ದಿಕ್ಕುಗಳಿಗೆ ಇನ್ನೆರಡು ಬಣ್ಣ. ನಾಲ್ಕೂ ಗೆರೆ ಒಂದೆಡೆಗೆ ಸೇರುವಂತೆ ಸಾಗಿದರೆ ಸರಿ. ಒಂದು ಮಾತ್ರ ಗುಂಪು ಬಿಟ್ಟು ಹೊರಟಿದ್ದರೆ ಆ ಅಂಚೇ ಕಳ್ಳ. ಇದು ತಾನೇ ಕಂಡುಹಿಡಿದ ತಪ್ಪಾದ್ದರಿಂದ ನೆನಪಿನಲ್ಲಿ ನಿಲ್ಲುತ್ತದೆ, ನನ್ನ ಗಂಟಲೂ ಉಳಿಯುತ್ತದೆ. ದಯವಿಟ್ಟು ಡಬ್ಬಿಯ ಹಿಂದಿನ ಮೂಲೆಯ ಬಗ್ಗೆ ಮಾತ್ರ ಯಾರೂ ಬೈಯಬೇಡಿ. ಮೊದಲು ಎಳೆದ ಎಲ್ಲ ಗೆರೆಗಳ ಚಿಲ್ಲರೆ ತಪ್ಪುಗಳು ಬಂದು ಜಮೆಯಾಗುವ ಜಾಗ ಅದು. ಅಲ್ಲಿ ಮೂರು ಗೆರೆ ಕೂಡದಿದ್ದರೆ ಅಲ್ಲಿ ತಿದ್ದಲು ಏನೂ ಇಲ್ಲ.

ನಮ್ಮ ಭಾಗದಲ್ಲಿ ಸಿದ್ಧ ಚಿತ್ರವನ್ನಷ್ಟೇ ನೋಡಿ ತೀರ್ಪು ಕೊಡುವ ಅಭ್ಯಾಸ ಹಳೆಯದು. ಧಾರವಾಡ ಜಿಲ್ಲೆ 1956ರವರೆಗೆ ಮುಂಬೈ ಆಡಳಿತಕ್ಕೆ ಸೇರಿತ್ತು. 1857ರಲ್ಲಿ ಶುರುವಾದ ಅಲ್ಲಿನ ಜೆ.ಜೆ. ಕಲಾಶಾಲೆಯ ಗಾಳಿ, ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳ ಗಾಳಿ ಇಲ್ಲಿಯೂ ಬೀಸಿತು. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿ ಕಲಾಶಾಲೆ ಕಟ್ಟಿ ಕಲಿಸಿದ್ದರಿಂದ ಈ ಸೀಮೆಯಲ್ಲಿ ಚಿತ್ರಕಲೆ ಬೇರು ಬಿಟ್ಟಿತು. ಆದರೆ ಪರೀಕ್ಷೆ ಅಂದರೆ ಪರೀಕ್ಷೆ. ಪರೀಕ್ಷಕನ ಕೈಗೆ ಬರುವುದು ಮುಗಿದ ಹಾಳೆ, ಬಿಡಿಸಿದವನ ಮುಖವೂ ಅವನಿಗೆ ಗೊತ್ತಿಲ್ಲ. ಅಂಕ ಹಾಕುವವನಿಗೆ ಅಷ್ಟು ಸಾಕು, ಕಲಿಸುವವನಿಗೆ ಸಾಲದು.

ಹೇಳುವ ಮಾತಿನ ಬಗ್ಗೆಯೂ ಒಂದಿಷ್ಟು. ಒಂದು ಹಾಳೆಗೆ ಒಂದೇ ಮಾತು. ಅದರಲ್ಲಿ ಏನಾಗಿದೆ, ಯಾಕಾಗಿದೆ, ನಾಳೆ ಏನು ಮಾಡಬೇಕು ಮೂರೂ ಇರಬೇಕು. "ಗೆರಿ ಚಲೋ ಇಲ್ಲ" ಅನ್ನುವುದು ಬೈಗುಳ, "ಮಣಿಕಟ್ಟು ಊರೀದಿ, ಅದಕ್ಕ ಬಾಗ್ಯಾವ, ನಾಳಿ ಮೊಣಕೈ ಎತ್ತಿ ಒಂದ್ ಹಾಳಿ ತಗಿ" ಅನ್ನುವುದು ಕೆಲಸಕ್ಕೆ ಬರುವ ಮಾತು. ಹೊಗಳುವಾಗಲೂ ಅಷ್ಟೇ, ಯಾವ ಗೆರೆ ಎಂದು ಬೆರಳಿಟ್ಟು ತೋರಿಸಿ ಹೊಗಳಬೇಕು. ಅವರ ಹಾಳೆಯ ಮೇಲೆ ನಿಮ್ಮ ಕೈಯ ಗೆರೆ ಎಳೆಯಬೇಡಿ. ಪಕ್ಕದಲ್ಲಿ ಬೇರೆ ಚೀಟಿ ಇಟ್ಟುಕೊಂಡು ಬಿಡಿಸಿ ತೋರಿಸಿ. ಕೆಟ್ಟ ಹಾಳೆಯನ್ನೇ ಮತ್ತೆ ಮತ್ತೆ ಮಾಡಿಸುವುದನ್ನೂ ನಾನು ಒಪ್ಪುವುದಿಲ್ಲ. ತಿಳಿವಳಿಕೆಯ ತಪ್ಪಿದ್ದರೆ ಅರ್ಧ ಹಾಳೆ ಮತ್ತೆ ಮಾಡಿಸಿ ಅರ್ಥವಾಯಿತೇ ನೋಡಿಕೊಂಡರಾಯಿತು. ಕೈಯ ತಪ್ಪಾದರೆ ಮುಂದಿನ ಪಾಠಕ್ಕೆ ಕಳಿಸಿಬಿಡಿ. ಡಬ್ಬಿ ಬಿಡಿಸುವಾಗಲೂ ಗೆರೆಯನ್ನೇ ಎಳೆಯುತ್ತಾನಲ್ಲ.

ಈಗ ಹಾವೇರಿ, ರಾಣೆಬೆನ್ನೂರಿನ ಮಕ್ಕಳು ವಾಟ್ಸ್ಯಾಪಿನಲ್ಲಿ ಹಾಳೆ ಕಳಿಸುತ್ತಾರೆ. ಇದರಲ್ಲಿ ಒಂದು ಮೋಸವಿದೆ. ಫೋನನ್ನು ಓರೆ ಹಿಡಿದು ತೆಗೆದರೆ ಹಾಳೆಯ ಅಂಚುಗಳೇ ದೂರದಲ್ಲಿ ಹತ್ತಿರವಾಗುತ್ತವೆ; ತಪ್ಪಾದ ಡಬ್ಬಿ ಸರಿಯಾಗಿ ಕಂಡೀತು, ಸರಿಯಾದ ಎಲಿಪ್ಸ್ ಚಪ್ಪಟೆ ಕಂಡೀತು. ಹಾಗಾಗಿ ಫೋಟೋ ಬಂದಕೂಡಲೇ ನಾನು ನೋಡುವುದು ಹಾಳೆಯ ನಾಲ್ಕು ಮೂಲೆ. ಮೂಲೆಗಳು ಲಂಬವಾಗಿ ಕಾಣದಿದ್ದರೆ ಚಿತ್ರದ ಬಗ್ಗೆ ಬಾಯಿ ಬಿಡದೆ, ನೇರ ಮೇಲಿನಿಂದ, ಸ್ವಲ್ಪ ಎತ್ತರಕ್ಕೆ ಹಿಡಿದು ಇನ್ನೊಂದು ಫೋಟೋ ಕಳಿಸಲು ಹೇಳುತ್ತೇನೆ.

ಅಪ್ಪ-ಅವ್ವಂದಿರ ತಕರಾರು ಬೇರೆಯೇ. ಆರ್ಕಿಟೆಕ್ಚರ್ ಸೀಟಿಗೆ ನಾಟಾ ಪ್ರವೇಶ ಪರೀಕ್ಷೆ ಬರೆಸಬೇಕೆಂದು ಮಗನನ್ನು ಸೇರಿಸಿದ ಹುಬ್ಬಳ್ಳಿಯ ತಂದೆಯೊಬ್ಬರು ನೇರವಾಗಿಯೇ ಕೇಳಿದರು: "ಎರಡ್ ತಿಂಗಳಾತ್ರಿ ಸರ, ಬರೇ ಗೆರಿ, ಡಬ್ಬಿ. ಚಿತ್ರ ಯಾವಾಗ ತಗೀತಾನ್ರಿ?" ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅವರ ಮಗ ಮೊದಲ ದಿನದಿಂದಲೇ ಚಿತ್ರ ತೆಗೆಯುತ್ತಿದ್ದಾನೆ. ನಮ್ಮಲ್ಲಿ ಅರ್ಧ ಹೊತ್ತು ಅಭ್ಯಾಸಕ್ಕೆ, ಇನ್ನರ್ಧ ಹೊತ್ತು ತನಗೆ ಬೇಕಾದ್ದಕ್ಕೆ. ಬೈಕೋ, ಉಣಕಲ್ ಕೆರೆಯೋ, ಅಜ್ಜಿಯ ಮುಖವೋ. ಆ ಹಾಳೆಗಳನ್ನು ಅವನಾಗಿ ತೋರಿಸಿದರೆ ನೋಡುತ್ತೇನೆ, ತಿದ್ದಲೆಂದು ನಾನಾಗಿ ಮಾತ್ರ ಕೇಳುವುದಿಲ್ಲ.