ಸಪ್ಪೊರೊದ ಆರು ಹಿಮಮೂರ್ತಿಗಳು

ಜಪಾನಿನ ಹೊಕ್ಕೈಡೊ ದ್ವೀಪದಲ್ಲಿರುವ ಸಪ್ಪೊರೊ ನಗರದ ಮೇಲೆ ವರ್ಷಕ್ಕೆ ಸರಾಸರಿ ಐದು ಮೀಟರಿನಷ್ಟು ಹಿಮ ಸುರಿಯುತ್ತದೆ. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ನಗರದ ನಡುವಿನ ಓಡೊರಿ ಉದ್ಯಾನವು ರಸ್ತೆಗಳಿಂದ ಬಾಚಿ ತಂದ ಹಿಮವನ್ನು ಸುರಿಯುವ ಜಾಗವಾಗಿತ್ತು. 1950ರ ಫೆಬ್ರವರಿಯಲ್ಲಿ ಅಲ್ಲಿಯೇ ಊರಿನ ಶಾಲಾ ವಿದ್ಯಾರ್ಥಿಗಳು ಆರು ಹಿಮಮೂರ್ತಿಗಳನ್ನು ಕಟ್ಟಿ ನಿಲ್ಲಿಸಿದರು. ಅವುಗಳನ್ನು ನೋಡಲು ಸುಮಾರು ಐವತ್ತು ಸಾವಿರ ಜನ ಸೇರಿದರು. ಇಂದು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರವಾಸಿಗರನ್ನು ಸೆಳೆಯಬಲ್ಲ ಸಪ್ಪೊರೊ ಹಿಮ ಉತ್ಸವದ ಆರಂಭ ಇಷ್ಟೇ. ಇದಕ್ಕೆ ಮುಂಚೆಯೇ, 1935ರಲ್ಲಿ, ಹತ್ತಿರದ ಒಟಾರು ಪಟ್ಟಣದ ಪ್ರಾಥಮಿಕ ಶಾಲೆಯೊಂದು ಮಕ್ಕಳಿಂದ ಇಂಥದೇ ಹಿಮೋತ್ಸವವನ್ನು ಮಾಡಿಸಿತ್ತು. ಅಂದರೆ ಈ ಪರಂಪರೆಯ ಬೇರು ಎರಡು ಕಡೆಯಿಂದಲೂ ಶಾಲೆಯ ಅಂಗಳದಲ್ಲೇ ಇದೆ.

ತರಬೇತಿಯಿಲ್ಲದ ಹವ್ಯಾಸಿಗಳು ಊರಿಗೆ ಊರೇ ನೋಡುವಂಥ ಶಿಲ್ಪವನ್ನು ಕಟ್ಟಲು ಸಾಧ್ಯವಾದದ್ದರಲ್ಲಿ ಅವರ ಉತ್ಸಾಹದಷ್ಟೇ ಪಾಲು ಹಿಮದ ಭೌತಗುಣಕ್ಕೂ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಹೊಸದಾಗಿ ಬಿದ್ದ ಒಣಹಿಮದಲ್ಲಿ ಗಾಳಿಯೇ ಹೆಚ್ಚು. ಒಂದು ಘನ ಮೀಟರ್ ಹಿಮದ ತೂಕ ಹೆಚ್ಚೆಂದರೆ ನೂರು ಕಿಲೋಗ್ರಾಂ ಆಸುಪಾಸಿನಲ್ಲಿರುತ್ತದೆ. ಅದೇ ಗಾತ್ರದ ಗಟ್ಟಿ ಮಂಜುಗಡ್ಡೆ 917 ಕಿಲೋಗ್ರಾಂ ತೂಗುತ್ತದೆ. ಆದ್ದರಿಂದ ಶಿಲ್ಪಿಯ ಮೊದಲ ಕೆಲಸ ಕೆತ್ತನೆಯಲ್ಲ, ತುಳಿತ. ಹಲಗೆಗಳನ್ನು ನಿಲ್ಲಿಸಿ ಪೆಟ್ಟಿಗೆಯಂತೆ ಕಟ್ಟಿಕೊಂಡು, ಅದರೊಳಗೆ ಸ್ವಲ್ಪಸ್ವಲ್ಪವೇ ಹಿಮವನ್ನು ಸುರಿದು ಕಾಲಿನಿಂದ ತುಳಿಯುತ್ತಾ ಹೋಗುತ್ತಾರೆ. ಹಿಮದ ಹರಳುಗಳ ಸೂಕ್ಷ್ಮವಾದ ತೋಳುಗಳು ಮುರಿದು, ಕಣಗಳು ಒಂದಕ್ಕೊಂದು ಒತ್ತಿಕೊಂಡು, ಸಾಂದ್ರತೆ ಹಲವು ಪಟ್ಟು ಏರುತ್ತದೆ. ಇದೇ ಸಪ್ಪೊರೊದ ಹೊಕ್ಕೈಡೊ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ಉಕಿಚಿರೊ ನಕಯಾ 1936ರಲ್ಲಿ ಮೊಲದ ಕೂದಲಿನ ತುದಿಯಲ್ಲಿ ಜಗತ್ತಿನ ಮೊದಲ ಕೃತಕ ಹಿಮಹರಳನ್ನು ಬೆಳೆಸಿದ್ದರು. ಅವರು ಅಷ್ಟು ಜತನದಿಂದ ಬೆಳೆಸಿ ಅಧ್ಯಯನ ಮಾಡಿದ ಆ ಆರು ತೋಳಿನ ಚೆಲುವನ್ನು ಹಿಮಶಿಲ್ಪಿ ಮೊದಲ ಗಳಿಗೆಯಲ್ಲೇ ಬೂಟುಗಾಲಿನಲ್ಲಿ ಪುಡಿಮಾಡುತ್ತಾನೆಂಬುದು ತಮಾಷೆಯ ಸಂಗತಿಯೇ ಸರಿ.

ತುಳಿದು ಮುಗಿದ ಮೇಲೆ ಕಾಯಬೇಕು. ಕಾಯುವ ಹೊತ್ತಿನಲ್ಲೇ ಹಿಮ ಗಟ್ಟಿಯಾಗುವುದು. ಹಸಿ ಇಟ್ಟಿಗೆಯನ್ನು ಗೂಡಿನಲ್ಲಿ ಸುಟ್ಟಾಗ ಮಣ್ಣಿನ ಕಣಗಳು ಪೂರ್ತಿಯಾಗಿ ಕರಗದೆಯೇ ಒಂದಕ್ಕೊಂದು ಬೆಸೆದುಕೊಳ್ಳುವ ಹಾಗೆ, ಹಿಮಕಣಗಳೂ ಕರಗದೆ ಬೆಸೆದುಕೊಳ್ಳುತ್ತವೆ. ವ್ಯತ್ಯಾಸವೆಂದರೆ ಇಲ್ಲಿ ಬೆಂಕಿ ಬೇಡ. ಸೊನ್ನೆಗಿಂತ ಐದು ಡಿಗ್ರಿ ಸೆಲ್ಸಿಯಸ್ ಕೆಳಗಿರುವ ಹಿಮವು ನಮ್ಮ ಕೈಗೆ ಕೊರೆಯುವಷ್ಟು ತಣ್ಣಗಿದ್ದರೂ, ನಿರಪೇಕ್ಷ ತಾಪಮಾನದ, ಅಂದರೆ ಸೊನ್ನೆಗಿಂತ ಸುಮಾರು 273 ಡಿಗ್ರಿ ಸೆಲ್ಸಿಯಸ್ ಕೆಳಗಿನಿಂದ ಎಣಿಸುವ ತಾಪಮಾನದ, ಲೆಕ್ಕದಲ್ಲಿ ತನ್ನ ಕರಗುವ ಬಿಂದುವಿನ ಶೇಕಡ 98ರಷ್ಟನ್ನು ಮುಟ್ಟಿರುತ್ತದೆ. ಕಬ್ಬಿಣಕ್ಕೆ ಅದೇ ಸ್ಥಿತಿ ಬರಬೇಕಾದರೆ ಅದನ್ನು ಸುಮಾರು 1500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಅಷ್ಟು ಚುರುಕಾಗಿರುವ ನೀರಿನ ಅಣುಗಳು ಕಣಗಳ ಉಬ್ಬಿದ ಅಂಚುಗಳಿಂದ ಆವಿಯಾಗಿ ಎದ್ದು, ಎರಡು ಕಣಗಳು ತಾಗುವಲ್ಲಿನ ತಗ್ಗಿನಲ್ಲಿ ಬಂದು ಕೂರುತ್ತವೆ. ಹೀಗೆ ಗಂಟೆಗಟ್ಟಲೆ ನಡೆದು ಅಲ್ಲಿ ಎರಡೂ ಕಣಗಳನ್ನು ಬೆಸೆಯುವ ಮಂಜುಗಡ್ಡೆಯ ಕತ್ತೊಂದು ಬೆಳೆಯುತ್ತದೆ. ಅಂಥ ಲಕ್ಷಾಂತರ ಕತ್ತುಗಳೇ ಶಿಲ್ಪದ ಅಸ್ಥಿಪಂಜರ. ಮಂಜುಗಡ್ಡೆಯ ಎರಡು ತುಂಡುಗಳು ತಾಗಿದೊಡನೆ ಅಂಟಿಕೊಳ್ಳುವುದೇಕೆಂದು ಮೈಕೆಲ್ ಫ್ಯಾರಡೆ 1850ರಲ್ಲೇ ಲಂಡನ್ನಿನಲ್ಲಿ ಉಪನ್ಯಾಸ ಕೊಟ್ಟು ಪ್ರಶ್ನೆ ಎತ್ತಿದ್ದರು.

ಕರಗುವ ಬಿಂದುವಿನ ಈ ಸಾಮೀಪ್ಯ ಶಿಲ್ಪಕ್ಕೆ ವರವೂ ಹೌದು, ಶಾಪವೂ ಹೌದು. ಬೆಸೆಯುವಷ್ಟು ಸಡಿಲವಿರುವ ವಸ್ತು ತನ್ನ ಭಾರಕ್ಕೆ ತಾನೇ ನಿಧಾನವಾಗಿ ಬಾಗುವಷ್ಟೂ ಸಡಿಲವಾಗಿರುತ್ತದೆ. ಆದುದರಿಂದಲೇ ಮೂರ್ತಿಯ ಮುಂಚಾಚಿದ ತೋಳು, ತೆಳುವಾದ ಕತ್ತು ಇವೆಲ್ಲ ಅಪಾಯದ ಜಾಗಗಳು. 2012ರ ಉತ್ಸವದಲ್ಲಿ ಮೂರ್ತಿಯೊಂದು ಕುಸಿದು ಪ್ರೇಕ್ಷಕರೊಬ್ಬರಿಗೆ ಪೆಟ್ಟಾಗಿತ್ತು. ಕೆತ್ತನೆ ಮುಗಿದ ಮೇಲೆ ಕೊಳೆಯಿಲ್ಲದ ಬಿಳಿ ಹಿಮವನ್ನು ನೀರಿನೊಂದಿಗೆ ಕಲಸಿ ಗಾರೆಯಂತೆ ಮೈಗೆಲ್ಲ ಮೆತ್ತುವುದು ಅಂದಕ್ಕಷ್ಟೇ ಅಲ್ಲ. ಶುಭ್ರವಾದ ಹಿಮ ತನ್ನ ಮೇಲೆ ಬಿದ್ದ ಸೂರ್ಯನ ಬೆಳಕಿನಲ್ಲಿ ಶೇಕಡ 80ಕ್ಕೂ ಹೆಚ್ಚಿನ ಪಾಲನ್ನು ತಿರುಗಿಸಿ ಕಳಿಸುತ್ತದೆ. ರಸ್ತೆಯ ಮಸಿ ಬೆರೆತ ಹಿಮವಾದರೋ ಬೆಳಕನ್ನು ಹೀರಿಕೊಂಡು ಬೇಗ ಕರಗುತ್ತದೆ.

ಉತ್ಸವ ಬೆಳೆದ ಬಗೆಯನ್ನು ಚುಟುಕಾಗಿ ಹೇಳಬಹುದು. 1953ರಲ್ಲಿ ಹದಿನೈದು ಮೀಟರ್ ಎತ್ತರದ ಶಿಲ್ಪವೊಂದು ಎದ್ದು ನಿಂತಿತು. 1955ರಲ್ಲಿ ಜಪಾನಿನ ಆತ್ಮರಕ್ಷಣಾ ಪಡೆಯ ಸೈನಿಕರು ಕೈಜೋಡಿಸಿದ ಮೇಲೆ ದೊಡ್ಡ ಮೂರ್ತಿಗಳು ವಾಡಿಕೆಯಾದವು. 1972ರ ಚಳಿಗಾಲದ ಒಲಿಂಪಿಕ್ಸ್ ಸಪ್ಪೊರೊದಲ್ಲೇ ನಡೆದು ಉತ್ಸವದ ಹೆಸರು ಹೊರನಾಡುಗಳಿಗೆ ಮುಟ್ಟಿತು, ಎರಡು ವರ್ಷದ ಬಳಿಕ ಅಂತರರಾಷ್ಟ್ರೀಯ ಸ್ಪರ್ಧೆಯೂ ಶುರುವಾಯಿತು. ಟ್ರಕ್ಕುಗಟ್ಟಲೆ ಹಿಮವನ್ನು ಹೊರಗಿನಿಂದ ಸಾಗಿಸಿ ಕಟ್ಟುವ ಅರಮನೆಗಳ ಚಿತ್ರಗಳೇ ಈಗ ಪತ್ರಿಕೆಗಳಲ್ಲಿ ಕಾಣುವುದು. ಆದರೆ ನನಗೆ ಹೆಚ್ಚು ಸ್ವಾರಸ್ಯವೆನಿಸುವುದು ಓಡೊರಿ ಉದ್ಯಾನದಲ್ಲಿ ಸಾಮಾನ್ಯ ನಾಗರಿಕರಿಗೆಂದೇ ಮೀಸಲಿಟ್ಟಿರುವ ಭಾಗ. ಅರ್ಜಿ ಹಾಕಿದವರಲ್ಲಿ ಚೀಟಿ ಎತ್ತಿ ಆರಿಸಿದ ತಂಡಗಳು ಅಲ್ಲಿ ಸಲಿಕೆ, ಕೆರೆಯುವ ಉಪಕರಣಗಳನ್ನು ಹಿಡಿದು, ಆಳೆತ್ತರದ ಹಿಮದ ದಿಮ್ಮಿಗಳನ್ನು ತಮಗೆ ತೋಚಿದಂತೆ ಕೆತ್ತುತ್ತವೆ.